ಗೋಡೆಯ ಮೇಲೆ ಉಳಿದ ಕೈ

ಅವ್ವ ಹೋದಮೇಲೂ ಅವಳ ಬಲಗೈ ನಮ್ಮ ಹಿತ್ತಿಲ ಗೋಡೆಯ ಮೇಲೆ ಉಳಿದಿತ್ತು. ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಳಗೆ ಸೇರಿಸಿ, ಗೋಡೆಗೆ ಫಟ್ಟನೆ ಬಡಿದು ಒಣಗಿಸುವುದು ಅವಳ ತವರಿನ ಪದ್ಧತಿ. ಹಾಗಿಟ್ಟರೆ ಹುಳ ಹಿಡಿಯುವುದಿಲ್ಲ. ಮಳೆ ಬಂದಾಗ ಬೆರಣಿ ಒಡೆದು ಬಿತ್ತಿದರಾಯಿತು. ಆ ಕೊನೆಯ ಬೆರಣಿಯಲ್ಲಿ ಅವಳ ಐದೂ ಬೆರಳು ಅಚ್ಚೊತ್ತಿದ್ದವು. ಕಿರುಬೆರಳು ಸ್ವಲ್ಪ ಸೊಟ್ಟ.

ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಜಾಲಹಳ್ಳಿ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ನಾವು ಧಾರವಾಡದ ಕಡೆಯಿಂದ ಬಂದು ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ್ದೆವು. "ಈ ಊರ ಸವತಿಕಾಯಿ ಬರೇ ನೀರು" ಎಂದು ಮೂಗು ಮುರಿದ ಅವ್ವ ತವರಿನ ಬೀಜ ತಂದು ಬೆಳೆಸಿದಳು. ಒಂದು ಚಳಿಗಾಲ ಜ್ವರ ಬಂತು, ಹೋಗಿಯೇಬಿಟ್ಟಳು. ಅಷ್ಟರಲ್ಲಿ ತವರಿನಲ್ಲೂ ಆ ಬೀಜ ಮುಗಿದಿತ್ತು. ಉಳಿದದ್ದು ನಮ್ಮ ಗೋಡೆಯ ಮೇಲಿದ್ದಷ್ಟೇ.

ಶಾಲೆಯಿಂದ ಬರುವ ಹೊತ್ತಿಗೆ ಹಿತ್ತಿಲಲ್ಲಿ ಓರೆಬಿಸಿಲು. ಬೆರಳ ಗುಳಿಗಳಲ್ಲಿ ನೆರಳು ತುಂಬಿ, ಈಗಷ್ಟೇ ಕೈ ತೆಗೆದು ಒಳಗೆ ಹೋದಳೇನೋ ಎನ್ನಿಸುತ್ತಿತ್ತು. ಪ್ರತಿ ಸಲವೂ ತಿರುಗಿ ಅಡಿಗೆಮನೆ ನೋಡುತ್ತಿದ್ದೆ. ಅಲ್ಲಿ ಯಾರಿರುತ್ತಾರೆ, ನನ್ನ ಕರ್ಮ! ಬೆಳಗಿನ ಮುಸುರೆ ಪಾತ್ರೆ ಇರುತ್ತಿದ್ದವು.

ಮೊದಲ ಮಳೆಗಾಲ ಅಪ್ಪ ಬೆರಣಿ ಮುಟ್ಟಗೊಡಲಿಲ್ಲ. ಎರಡನೆಯದರ ಹೊತ್ತಿಗೆ, ಸೂರಿನಡಿ ಇದ್ದರೂ, ಅಂಚಿನಿಂದ ಪುಡಿ ಉದುರತೊಡಗಿತ್ತು. ಪಕ್ಕದ ಅಬ್ಬಿಗೆರೆಯಿಂದ ಹಾಲು ತರುತ್ತಿದ್ದ ಅಜ್ಜಿ ನೋಡಿ, "ಇನ್ನೊಂದ್ ಮಳೆ ಬುಟ್ರೆ ಬೀಜ ಸತ್ತೋಯ್ತದೆ ಕಣವ್ವಾ. ಇಂಗ್ಯಾಕೆ ಮಡಗಿದ್ದೀರಿ, ಒಡ್ದು ಆಕ್ಬಾರ್ದಾ?" ಅಂದಳು.

ನಾನು ಕುಡುಗೋಲು ಹಿಡಿದು ಹೊರಟೆ. ಅಪ್ಪ ಅಡ್ಡ ನಿಂತ.

"ಕೈ ಹಚ್ಚಿದೀ ಅಂದ್ರ ನೋಡು! ಅದು ಅಕಿ ಕೈ ಐತಿ."

"ನಿನಗ ಗ್ವಾಡಿ ಮ್ಯಾಲಿನ ಕೈ ಸಾಕು. ನನಗ ಅವ್ವ ಹಚ್ಚಿದ ಬಳ್ಳಿ ಬೇಕು. ಬೀಜ ಸತ್ರ ಮತ್ತ ಯಾರ್ನ ಕೇಳೂಣು?"

ಅಪ್ಪ ಜಾಗ ಬಿಟ್ಟು ಕದಲಲಿಲ್ಲ. ಆ ದಿನ ನಾವಿಬ್ಬರೂ ಮಾತು ಬಿಟ್ಟೆವು. ಹಟದಲ್ಲಿ ನಾನೂ ಅವನ ಮಗಳೇ.

ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪನೇ ಬೆರಣಿಯನ್ನು ಕಿತ್ತು ನೀರಿನ ಬಕೆಟ್ಟಿಗೆ ಇಳಿಸಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೊದಲು ಕಿರುಬೆರಳು ಕರಗಿತು, ಆಮೇಲೆ ಅಂಗೈ. ನೀರು ರಾಡಿಯಾಗುವವರೆಗೂ ಅವನು ಏಳಲಿಲ್ಲ. ಯಾಕಾದರೂ ಹಟ ಮಾಡಿದೆನೋ ಅನ್ನಿಸಿತು.

ಬಹಳಷ್ಟು ಬೀಜ ಜೊಳ್ಳಾಗಿ ತೇಲಿದವು. ಮುಳುಗಿದ ಕೆಲವನ್ನು ಅವ್ವನ ಹಳೇ ಸೀರೆಯ ತುಂಡಿನಲ್ಲಿ ಒದ್ದೆಗಂಟು ಕಟ್ಟಿದೆ. ಮೊಳಕೆಗೆ ಕಾವು ಬೇಕು. ಅವ್ವ ಅಂಥ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆಲಸವನ್ನೆಲ್ಲ ಮಾಡುತ್ತಿದ್ದಳು. ನಾನು ಅದನ್ನು ಎಲ್ಲಿಡಲಿ ಎಂದು ನೋಡುತ್ತಿದ್ದಾಗ ಅಪ್ಪ ಕೈ ಚಾಚಿದ. ಬನಿಯನ್ನಿನ ಜೇಬಿಗೆ ಸೇರಿಸಿ, ಮೇಲೆ ಅಂಗಿ ತೊಟ್ಟು ಕೆಲಸಕ್ಕೆ ಹೋದ. ದಿನಾ ಹಾಗೇ ಹೋದ. ಎದೆಯ ಮೇಲೆ ಅಂಗಿ ಒದ್ದೆಯಾಗಿರುತ್ತಿತ್ತು.

ಒಂದು ಸಂಜೆ ಬಂದವನೇ, ಚಪ್ಪಲಿ ಕೂಡ ಬಿಡದೆ ಗಂಟು ಬಿಚ್ಚಿದ.

"ನೋಡ್ ಬಾ ಇಲ್ಲಿ. ಹಲ್ಲು ಬಂದಾವ!"

ಎರಡೇ ಎರಡು ಬೀಜ ಮೊಳೆತಿದ್ದವು. ತೆಂಗಿನ ಚಿಪ್ಪಿನ ತಳಕ್ಕೆ ತೂತು ಕೊರೆದು, ಮಣ್ಣು ಗೊಬ್ಬರ ತುಂಬಿ ನೆಟ್ಟೆ. ಒಂದನ್ನು ಬಸವನಹುಳು ತಿಂದಿತು. ಇನ್ನೊಂದನ್ನು ನೆಲಕ್ಕಿಳಿಸಿದೆ, ಹಬ್ಬಿತು. ಮೊದಲ ಕಾಯಿಯನ್ನು ಕೊಯ್ಯದೆ ಬೀಜಕ್ಕೆ ಬಿಟ್ಟೆವು.

ಅದು ಹಣ್ಣಾದ ಮೇಲೆ ಬೀಜ ತೆಗೆದು, ತೊಳೆದು ಒಣಗಿಸಿದೆ. ಬೂದಿ, ಸಗಣಿ ಕಲೆಸಿ ಅದೇ ಗೋಡೆಗೆ, ಅದೇ ಜಾಗಕ್ಕೆ ಬಡಿದೆ. ಕೈ ತೆಗೆದು ನೋಡಿದರೆ, ಅಯ್ಯೋ ಶಿವನೇ, ಕಿರುಬೆರಳು ಸೊಟ್ಟ! ಅಷ್ಟು ವರ್ಷ ನನ್ನ ಬೆರಳನ್ನು ನಾನೇ ನೋಡಿಕೊಂಡಿರಲಿಲ್ಲ.

ಕೈ ತೊಳೆಯಲು ಒಳಗೆ ಬಂದೆ. ಅಷ್ಟರಲ್ಲಿ ಅಪ್ಪ ಪಾಳಿ ಮುಗಿಸಿ ಬಂದು ಸೈಕಲ್ ಒರಗಿಸಲು ಹಿತ್ತಿಲಿಗೆ ಹೋದ. ಸೈಕಲ್ ಧಡಾರನೆ ಬಿದ್ದ ಸದ್ದಾಯಿತು. ಕಿಟಕಿಯಿಂದ ಇಣುಕಿದೆ. ಹಸಿ ಬೆರಣಿಯ ಎದುರು ನಿಂತು ಅಪ್ಪ ಮೆಲ್ಲಗೆ ಕೇಳುತ್ತಿದ್ದ:

"ಯಾವಾಗ ಬಂದೀ? ಊಟ ಆತೇನು?"

ಸಗಣಿ ಮೆತ್ತಿದ ಕೈಯನ್ನು ನಾನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.