ಮೂರನೇ ಸಿಲಿಂಡರಿನ ಮಿಸ್ಸಿಂಗ್

ಕಿವಿ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೇಲೆ ಒತ್ತಿ, ಹಿಡಿಗೆ ಕಿವಿಯಾನಿಸಿ ಕಣ್ಣು ಮುಚ್ಚಿದನೆಂದರೆ ಒಳಗಿನ ರೋಗ ಗೊತ್ತಾಯಿತು ಅಂತಲೇ ಲೆಕ್ಕ. ಮೂವತ್ತು ವರ್ಷ ಹೀಗೇ ನಡೆದದ್ದರಿಂದ ಅವನಿಗೂ ಒಂದು ರೋಗ ಅಂಟಿಕೊಂಡಿತ್ತು. ತಾನು ತಪ್ಪುವವನೇ ಅಲ್ಲ ಎಂಬ ರೋಗ. ಅದನ್ನು ಬಿಚ್ಚುವ ಸ್ಪಾನರ್ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ನಿವೃತ್ತ ಪೋಸ್ಟ್ ಮಾಸ್ಟರರ ಹಳೇ ಕಾರು ಅವನ ಕೈಯಲ್ಲೇ ಮುದಿಯಾದದ್ದು. ಎಂಟು ತಿಂಗಳ ಹಿಂದೆ ಒಂದೇ ದಿನ ಅದಕ್ಕೆ ಎರಡು ಕೆಲಸ ಆದವು. ಮೇಸ್ತ್ರಿ ಕಾರ್ಬುರೇಟರ್ ಇಳಿಸಿ, ತೊಳೆದು ಮತ್ತೆ ಕೂರಿಸಿದ. ಪಕ್ಕದ ಬೀದಿಯಲ್ಲಿ ವೈರಿಂಗ್ ಅಂಗಡಿ ಇಟ್ಟಿದ್ದ ಅವನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಪ್ಲಗ್ಗುಗಳಿಗೆ ಕರೆಂಟು ಕೊಡುವ ಕಾಯಿಲನ್ನು ಬದಲಿಸಿದ. ಮಾರನೆಯ ದಿನದಿಂದ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ನಾಲ್ಕು ಸಿಲಿಂಡರುಗಳಲ್ಲಿ ಮೂರು ದುಡಿಯುತ್ತಿದ್ದವು, ಒಂದು ಮೈಗಳ್ಳ. ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು, ದಿಬ್ಬ ಕಂಡರೆ ಏದುಸಿರು ಬಿಡುತ್ತಿತ್ತು.

ಮೇಸ್ತ್ರಿ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದ. ಒಂದನೆಯದು ಕಿತ್ತಾಗ ಎಂಜಿನ್ ಇನ್ನಷ್ಟು ಕುಂಟಿತು. ಎರಡಕ್ಕೂ ನಾಲ್ಕಕ್ಕೂ ಹಾಗೇ ಆಯಿತು. ಮೂರನೆಯದು ಕಿತ್ತರೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಉಪವಾಸ ಇರುವವನ ತಟ್ಟೆ ಕಸಿದುಕೊಂಡರೆ ಅವನಿಗೇನು ನಷ್ಟ? ಮೇಸ್ತ್ರಿ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡ. ಸುತ್ತ ನಾಲ್ಕೈದು ಗಿರಾಕಿಗಳಿದ್ದರು, ಪೋಸ್ಟ್ ಮಾಸ್ಟರರೂ ಭಾವಮೈದನೂ ಇದ್ದರು.

“ಕಿಡಿ ಸಾಲ್ತಿಲ್ಲ. ಕಾಯಿಲ್ ಡೂಪ್ಲಿಕೇಟು,” ಎಂದು ತೀರ್ಪು ಕೊಟ್ಟ.

“ಕಾಯಿಲ್ ಕೆಟ್ಟಿದ್ರೆ ನಾಲ್ಕೂ ಕುಂಟ್ಬೇಕಲ್ವಾ ಭಾವ? ಮೂರನೇದೊಂದೇ ಯಾಕೆ?” ಎಂದ ಭಾವಮೈದ, ಮೆಲ್ಲಗೆ. “ಒಂದ್ಸಲ ಮ್ಯಾನಿಫೋಲ್ಡ್ ಬಿಚ್ಚಿ ನೋಡೋಣ.” ಕಾರ್ಬುರೇಟರಿನಿಂದ ಬರುವ ಗಾಳಿ-ಪೆಟ್ರೋಲನ್ನು ನಾಲ್ಕು ಸಿಲಿಂಡರಿಗೂ ಹಂಚುವ ಕೊಳವೆಯೇ ಮ್ಯಾನಿಫೋಲ್ಡ್.

ಮೇಸ್ತ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ನನ್ನ ಕೈ ಆಡಿದ ಜಾಗ ಬಿಚ್ಚೋಣ ಅನ್ನೋಕೆ ನೀನ್ಯಾರೋ? ಕಳಪೆ ಮಾಲು ಹಾಕೋದಲ್ದೆ ನನಗೇ ಪಾಠ ಹೇಳ್ತೀಯಾ?”

ಭಾವಮೈದ ಏನೋ ಹೇಳಲು ಬಾಯಿ ತೆರೆದವನು ಸುತ್ತ ನಿಂತವರನ್ನು ನೋಡಿ, ಕೈ ಒರೆಸಿಕೊಂಡು ಹೊರಟುಹೋದ.

ಪೋಸ್ಟ್ ಮಾಸ್ಟರರು ಜೀವಮಾನವೆಲ್ಲ ಊರವರ ಮುಚ್ಚಿದ ಲಕೋಟೆಗಳನ್ನು ಕಾಪಾಡಿದವರು. ನಿವೃತ್ತರಾದ ಮೇಲೆ ತಾವೇ ತೆರೆದ ಕಾರ್ಡಾಗಿದ್ದರು. ಸಂಜೆಯೊಳಗೆ ಕ್ಷೌರದಂಗಡಿ, ಔಷಧಿ ಅಂಗಡಿ, ಡ್ರೈವಿಂಗ್ ಸ್ಕೂಲು, ಎಲ್ಲ ಕಡೆಗೂ ಸುದ್ದಿ ಬಟವಾಡೆಯಾಯಿತು: ‘ಆ ವೈರಿಂಗ್‌ನವನು ಸ್ವಂತ ಭಾವನ ಗಿರಾಕಿಗೇ ಟೋಪಿ ಹಾಕಿದನಂತೆ!’ ಡ್ರೈವಿಂಗ್ ಸ್ಕೂಲಿನ ಕಾರುಗಳು ಬೇರೆ ಅಂಗಡಿ ಹುಡುಕಿಕೊಂಡವು. ಮೂರು ತಿಂಗಳಲ್ಲಿ ಭಾವಮೈದನ ಅಂಗಡಿ ಬಾಗಿಲು ಹಾಕಿತು. ಅವನು ಬಸ್ ಡಿಪೋ ಸೇರಿ, ಸಮವಸ್ತ್ರ ತೊಟ್ಟು, ಬಸ್ಸುಗಳ ಬಲ್ಬು ಬದಲಿಸುವ ಕೆಲಸ ಹಿಡಿದ.

“ನನ್ನ ತಮ್ಮ ಹಾಗೆ ಮಾಡೋನಾ?” ಎಂದು ಮೇಸ್ತ್ರಿಯ ಹೆಂಡತಿ ಒಂದೇ ಒಂದು ಸಲ ಕೇಳಿದ್ದಳು. “ನನ್ನ ಕಿವಿ ಯಾವತ್ತಾದ್ರೂ ಸುಳ್ಳು ಹೇಳಿದ್ಯಾ?” ಎಂದಿದ್ದ ಇವನು. ಅವಳು ನಂಬಿದಳು. ತಮ್ಮನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದು, ಇನ್ನು ನಮ್ಮ ಹೊಸಿಲು ತುಳಿಯಬೇಡ ಅಂದಳು. ಆ ತಮ್ಮನಿಗೆ ಈಗ ಐದು ತಿಂಗಳ ಮಗಳಿದ್ದಳು. ಸೋದರತ್ತೆ ಇನ್ನೂ ಅದರ ಮುಖ ನೋಡಿರಲಿಲ್ಲ.

ಇತ್ತ ಕಾರಿನ ಮಿಸ್ಸಿಂಗ್ ಹೋಗಲೇ ಇಲ್ಲ. ಮೇಸ್ತ್ರಿ ಬೇರೆ ಕಾಯಿಲ್ ಹಾಕಿದ. ಹೋಗಲಿಲ್ಲ. “ಆ ದರಿದ್ರ ಕಾಯಿಲ್ ಆಗ್ಲೇ ವೈರನ್ನೆಲ್ಲ ಸುಟ್ಟುಹಾಕಿದೆ,” ಎಂದು ವೈರು ಬದಲಿಸಿದ. ಪ್ಲಗ್ಗು ಬದಲಿಸಿದ. ಮೂರನೆಯದರ ಪ್ಲಗ್ಗನ್ನು ಎರಡನೆಯದಕ್ಕೆ, ಎರಡನೆಯದರದ್ದನ್ನು ಮೂರನೆಯದಕ್ಕೆ ಹಾಕಿ ನೋಡಿದ. ರೋಗ ಪ್ಲಗ್ಗಿನ ಜೊತೆ ಹೋಗದೆ ಮೂರನೆಯದರಲ್ಲೇ ಪಟ್ಟಾಗಿ ಕೂತಿತು. ಬೇರೆಯವರ ಕೈ ಸೋಕಿದ್ದನ್ನೆಲ್ಲ ಬಿಚ್ಚಿದ, ತನ್ನ ಕೈ ಸೋಕಿದ್ದನ್ನು ಮಾತ್ರ ಬಿಚ್ಚಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ನೋಡಿದನಂತೆ, ಆ ಪೈಕಿ.

ಕಳೆದ ವಾರ ಕಾರು ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಅದನ್ನು ನೂಕಿಸಿಕೊಂಡು ತಂದು ನಿಲ್ಲಿಸಿ ಪೋಸ್ಟ್ ಮಾಸ್ಟರರು ಮನೆಗೆ ಹೋದರು. ಮಧ್ಯಾಹ್ನ ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೇಸ್ತ್ರಿ ಕಂಪ್ರೆಷನ್, ಅಂದರೆ ಸಿಲಿಂಡರುಗಳೊಳಗಿನ ಒತ್ತಡ, ಅಳೆದ. ನಾಲ್ಕೂ ಸಮ ಇದ್ದವು. ಕಿಡಿ ನೋಡಿದ, ನೀಲಿಯಾಗಿ ಚಟಚಟ ಹಾರುತ್ತಿತ್ತು. ಇನ್ನು ನೋಡಲು ಉಳಿದದ್ದು ಒಂದೇ ಜಾಗ. ಬೇರೆ ದಾರಿಯಿಲ್ಲದೆ ಮ್ಯಾನಿಫೋಲ್ಡ್ ಬಿಚ್ಚಿದ.

ಮೂರನೇ ಸಿಲಿಂಡರಿಗೆ ಹೋಗುವ ಕೊಳವೆಯಲ್ಲಿ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು. ಇಕ್ಕಳದಿಂದ ಎಳೆದ. ಪೆಟ್ರೋಲಿನಲ್ಲಿ ನೆಂದ ಬಟ್ಟೆಯ ತುಂಡು. ಹಿಂಡಿ ಬಿಡಿಸಿದರೆ ಮಸಿಯ ನಡುವೆ ಸಣ್ಣ ಸಣ್ಣ ನೀಲಿ ಹೂಗಳು ಕಂಡವು. ಹಳೇ ದಿಂಬಿನ ಚೀಲವನ್ನು ಹೆಂಡತಿ ಹರಿದು ಕೈಯೊರೆಸಲು ಕೊಟ್ಟಿದ್ದ ಬಟ್ಟೆ ಅದು. ಕಾರ್ಬುರೇಟರ್ ಇಳಿಸಿದಾಗ ತೆರೆದ ಬಾಯಿಗೆ ಧೂಳು ಬೀಳದಿರಲೆಂದು ತುರುಕಿದವನು ಇವನೇ. ಅದನ್ನು ತೆಗೆಯದೆ ಮೇಲೆ ಕಾರ್ಬುರೇಟರ್ ಕೂರಿಸಿದವನೂ ಇವನೇ. ಎಂಜಿನ್ ಗಾಳಿಯ ಜೊತೆ ಅದನ್ನು ಮೂರನೆಯ ಕೊಳವೆಗೆ ಎಳೆದುಕೊಂಡಿತ್ತು.

ಮುಚ್ಚಿಡುವುದೇಕೆ, ಅವನು ಮೊದಲು ಮಾಡಿದ ಕೆಲಸ ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ನೋಡಿದ್ದು. ಎರಡನೆಯದು, ಬಟ್ಟೆಯನ್ನು ಜೇಬಿಗೆ ತುರುಕಿದ್ದು.

ಸಂಜೆ ಪೋಸ್ಟ್ ಮಾಸ್ಟರರು ಬಂದಾಗ ಎಂಜಿನ್ ಒಂದೇ ಸಮನೆ ಓಡುತ್ತಿತ್ತು. “ಭಲೇ ಮೇಸ್ತ್ರಿ! ಏನಾಗಿತ್ತು?”

“ಏನೋ ಕಸ ಸಿಕ್ಕಿಕೊಂಡಿತ್ತು.”

“ಅಂತೂ ನಿಮ್ಮ ಭಾವಮೈದ ಮಾಡಿದ ಕೊಳಕೆಲ್ಲ ತೊಳೆದ್ರಿ ಅನ್ನಿ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅದರ ಬದಲು ಅವನು ಬಾನೆಟ್ ಮುಚ್ಚಿದ.

ಎರಡು ದಿನ ಬಟ್ಟೆ ಜೇಬಿನಲ್ಲೇ ಇತ್ತು. ಹೆಂಡತಿ ಹೊಗಳುವ ಹಾಗೆ “ಕೊನೆಗೂ ಸರಿ ಮಾಡಿದ್ರಂತೆ” ಅಂದಾಗ ಗೋಡೆ ನೋಡಿದ. ಮೂರನೆಯ ದಿನ ಪೋಸ್ಟ್ ಮಾಸ್ಟರರ ಮನೆಗೆ ಹೋಗಿ ಉಸಿರು ಬಿಗಿಹಿಡಿದು ಎಲ್ಲ ಹೇಳಿದ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಆಗಿದ್ದಾಯ್ತು ಬಿಡಿ. ನಿಮ್ಮಂಥವರ ಮರ್ಯಾದೆ ನಾನು ತೆಗೀತೀನಾ? ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗಲ್ಲ.”

“ಹೋಗ್ಲಿ ಸಾರ್! ಎಲ್ಲರಿಗೂ ಹೇಳಿ ಅಂತಾನೇ ಬಂದಿದ್ದು.”

“ಛೆ ಛೆ,” ಎಂದು ಅವರು ಅವನ ಬೆನ್ನು ತಟ್ಟಿದರು. ಸುಳ್ಳನ್ನು ಊರಿಗೆಲ್ಲ ಹಂಚಿದ ಮಹಾನುಭಾವರು ನಿಜವನ್ನು ಲಕೋಟೆಗೆ ಹಾಕಿ ಅಂಟಿಸಿಬಿಟ್ಟರು.

ಮೇಸ್ತ್ರಿ ತಾನೇ ಹೊರಟ. ಕ್ಷೌರದವನು ಕತ್ತರಿ ನಿಲ್ಲಿಸಿ ಕೇಳಿ, “ಭಾವಮೈದನ್ನ ಉಳಿಸೋಕೆ ಎಂಥಾ ಮಾತಾಡ್ತೀರಿ! ದೊಡ್ಡ ಮನಸ್ಸು ನಿಮ್ದು,” ಎಂದ. ಔಷಧಿ ಅಂಗಡಿಯವನು ಬಟ್ಟೆ ನೋಡಿ ನಕ್ಕ. ತಪ್ಪೊಪ್ಪಿಕೊಂಡಷ್ಟೂ ಹೊಗಳಿಕೆ ಸಿಗುತ್ತಿತ್ತು, ಹೊಗಳಿಕೆ ಸಿಕ್ಕಷ್ಟೂ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಒಡತಿ ಒಬ್ಬಳೇ ನಂಬಿದಳು. “ಹಾಗಾದ್ರೆ ನಾಳೆಯಿಂದ ಕಾರು ಅವರ ಹತ್ರಾನೇ ಕಳಿಸ್ತೀನಿ. ಅಂಗಡಿ ಎಲ್ಲಿದೆ ಈಗ?” ಎಂದಳು.

ಮನೆಗೆ ಬಂದು ಹೆಂಡತಿಯ ಮುಂದೆ ಬಟ್ಟೆ ಇಟ್ಟ. ಹೇಳುವುದು ಮುಗಿಯುವವರೆಗೂ ಅವಳು ನೀಲಿ ಹೂಗಳ ಮೇಲೆ ಬೆರಳಾಡಿಸುತ್ತಿದ್ದಳು.

“ಅವನಿಗೆ ನಾನು ಏನೇನಂದೆ ಗೊತ್ತಾ ನಿಮಗೆ?”

ಗೊತ್ತಿತ್ತು. ಅವಳು ಬೈಯುವಾಗ ಇವನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ.

ಮಾರನೆಯ ದಿನ ಊಟದ ಬಿಡುವಿಗೆ ಸರಿಯಾಗಿ ಮೇಸ್ತ್ರಿ ಡಿಪೋ ಒಳಗೆ ಹೋದ. ಭಾವಮೈದ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ. ಇವನನ್ನು ಕಂಡು ಎದ್ದು ನಿಂತು, ಜಾಗ ಮಾಡಿಕೊಟ್ಟ. ಮೇಸ್ತ್ರಿ ನೆಲ ನೋಡುತ್ತಲೇ ಹೇಳಿ ಮುಗಿಸಿದ.

“ಗೊತ್ತಿತ್ತು ಭಾವ,” ಎಂದ ಭಾವಮೈದ. “ಅವತ್ತು ಕಾಯಿಲ್ ಹಾಕ್ತಾ ಪಕ್ಕದಲ್ಲೇ ಇದ್ನಲ್ಲ. ನೀವು ಬಟ್ಟೆ ತುರುಕಿದ್ದು ನೋಡಿದ್ದೆ. ತೆಗೆದಿದ್ದು ನೋಡ್ಲಿಲ್ಲ.”

“ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?”

“ಅಷ್ಟು ಜನರ ಮುಂದೆ ಹೇಳಿದ್ರೆ ನಿಮ್ಮ ಗ್ಯಾರೇಜಿಗೆ ಯಾರು ಬರ್ತಿದ್ರು? ಆ ಮನೇಲಿ ಅಕ್ಕ ಇದ್ದಾಳಲ್ಲ.” ಬುತ್ತಿಯನ್ನು ಇವನ ಕಡೆ ಸರಿಸುತ್ತ, “ಅಕ್ಕನಿಗೆ ಇದೆಲ್ಲ ಹೇಳೋಕೆ ಹೋಗ್ಬೇಡಿ. ನೊಂದ್ಕೋತಾಳೆ,” ಎಂದ.

“ಹೇಳಿದ್ದೀನಿ. ಗೇಟಿನ ಹೊರಗೆ ನಿಂತಿದ್ದಾಳೆ. ಬಾ ಅಂದ್ರೆ, ಯಾವ ಮುಖ ಇಟ್ಕೊಂಡು ಬರ್ಲಿ ಅಂತಾಳೆ.”

ಭಾವಮೈದ ಬುತ್ತಿಯನ್ನು ಅಲ್ಲೇ ಬಿಟ್ಟು ಓಡಿದ. ಬೆಂಚಿನಿಂದ ಗೇಟು ಕಾಣುತ್ತಿತ್ತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ತಮ್ಮ ಆ ಕೈಗಳನ್ನು ಬಿಡಿಸಲು ಏನೇನೋ ಹೇಳುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಅವಳು ಮಾಡದ ತಪ್ಪಿಗೆ ಅವಳು ಮುಖ ಮುಚ್ಚಿಕೊಂಡಿದ್ದನ್ನು ಮೇಸ್ತ್ರಿ ನೋಡುತ್ತ ಕೂತ. ಎದ್ದು ಹೋಗಿ, ನಾಚಿಕೆಪಡಬೇಕಾದವನು ನಾನು ಕಣೇ, ಎನ್ನಬೇಕೆನಿಸಿತು. ಅವನು ಭಾವಮೈದ ಬಿಟ್ಟುಹೋದ ಬುತ್ತಿಗೆ ಮುಚ್ಚಳ ಹಾಕಿ, ಕೂತಲ್ಲೇ ಕೂತ.