ಚಳಿಗಾಲದ ಮಾವಿನ ವಾಸನೆ

ನನ್ನ ಮೂಗಿನ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಸೊಕ್ಕು. ಏಳನೆಯ ತರಗತಿಗೆ ಶಾಲೆ ಬಿಟ್ಟು ಗಂಗಾವತಿಯ ಚುರುಮುರಿ ಹುರಿಯುವ ಭಟ್ಟಿ ಸೇರಿದವನು ನಾನು. ಈಗ ಭಟ್ಟಿ ನನ್ನದೇ. ಅಕ್ಕಿ ಅರಳುತ್ತದೋ ಹೊತ್ತುತ್ತದೋ ಎಂದು ಬೆನ್ನು ತಿರುಗಿಸಿ ನಿಂತೂ ಹೇಳಬಲ್ಲೆ. ನನಗೆ ಗೊತ್ತಿಲ್ಲದ ಹೊಗೆಯೇ ಇಲ್ಲ ಎಂದುಕೊಂಡಿದ್ದೆ. ದೇವರು ಇಂಥ ಮಾತು ಕೇಳಿ ಸುಮ್ಮನಿರುವವನಲ್ಲ ನೋಡಿ.

ಕಳೆದ ಚಳಿಗಾಲದಲ್ಲಿ, ಹತ್ತನೆಯ ತರಗತಿ ಓದುವ ಮಗ ಮಂಜನ ಅಂಗಿಯಿಂದ ಮಾವಿನಹಣ್ಣಿನ ವಾಸನೆ ಬರತೊಡಗಿತು. ನನಗೆ ಸಂತೋಷವೇ ಆಯಿತು. ಆ ವಯಸ್ಸಿನ ಹುಡುಗರ ಅಂಗಿ ಸಾಮಾನ್ಯವಾಗಿ ಬೇರೆ ವಾಸನೆ ಹೊಡೆಯುತ್ತದೆ. ಹೆಂಡತಿ ದೇವಮ್ಮ ಮಾತ್ರ, “ಈ ಥಂಡ್ಯಾಗ ಮಾವಿನಹಣ್ಣು ಯಾವ ಗಿಡದಾಗ ಬಿಟ್ಟಾವ್ರಿ?” ಎಂದಳು. ಹೊಸ ಸೋಪಿರಬೇಕು ಎಂದು ನಾನು ತೀರ್ಪು ಕೊಟ್ಟೆ.

ಮರುವಾರ ಅವನ ಚೀಲದಲ್ಲಿ ಬೆರಳುದ್ದದ ನೀಲಿ ವಸ್ತುವೊಂದು ಸಿಕ್ಕಿತು. ಪೆನ್ ಡ್ರೈವ್ ಎಂದುಕೊಂಡು ಭಟ್ಟಿಯ ಹಾಡಿನ ಡಬ್ಬಿಗೆ ಚುಚ್ಚಲು ನೋಡಿದೆ. ಹೋಗಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯವನ ಕೈಗೆ ಕೊಟ್ಟು, ಇದರಲ್ಲಿ ನಾಲ್ಕು ಭಜನೆ ತುಂಬಿಕೊಡು ಎಂದೆ.

“ಕಾಕಾ, ಇದು ಹಾಡು ಹೇಳಂಗಿಲ್ಲ. ಹೊಗಿ ಬಿಡತೈತಿ. ವೇಪ್ ಅಂತಾರ ಇದಕ್ಕ,” ಎಂದ ಅವನು, ನಗದೆ. ನಕ್ಕಿದ್ದರೇ ಚೆನ್ನಾಗಿತ್ತು.

ಮಗನ ಮೇಲೆ ಕೈ ಎತ್ತುವ ಮೊದಲೇ ಶಾಲೆಯಿಂದ ಪಾಲಕರ ಸಭೆಗೆ ಕರೆ ಬಂತು. ಹೆಸರು ತೆಗೆದು ಮನೆಗೆ ಕಳಿಸಿಬಿಟ್ಟರೆ? ನಾನು ಬಿಟ್ಟ ಶಾಲೆಯನ್ನು ಅವನಾದರೂ ಮುಗಿಸಲಿ ಎಂದೇ ಅಲ್ಲವೇ ಇಷ್ಟು ವರ್ಷ ಬೆಂಕಿಯ ಮುಂದೆ ಕೂತದ್ದು.

ಸಭೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಇಂಥವೇ ವಸ್ತುಗಳ ಚಿತ್ರ ತೋರಿಸಿದರು. “ಮಾರೂದು ಬಂದ್ ಐತಿ, ಆದ್ರೂ ಹುಡುಗ್ರ ಕೈಗೆ ಬರಾಕತ್ತಾವು. ವಾಸನಿ ಹಣ್ಣಿಂದು, ಒಳಗಿರೂದು ತಂಬಾಕಿನ ನಿಕೋಟಿನ್. ಯಾರ ಮನ್ಯಾಗರ ಕಂಡೈತೇನ್ರಿ?”

ಅಪ್ಪಂದಿರೆಲ್ಲ ತುಟಿ ಬಿಚ್ಚದೆ, ಇಲ್ಲವೆಂದು ಗಂಭೀರವಾಗಿ ತಲೆಯಲ್ಲಾಡಿಸಿದೆವು. ಅಕ್ಕೋರು ಅದನ್ನು ಮರ್ಯಾದೆ ಎಂದುಕೊಂಡಿರಬೇಕು. ನಿಜವೆಂದರೆ ಅರ್ಧ ಜನರ ದವಡೆಯಲ್ಲಿ ತಂಬಾಕಿತ್ತು, ಬಾಯಿ ತೆರೆಯುವಂತಿರಲಿಲ್ಲ. ನನ್ನದೂ ಅದೇ ಸ್ಥಿತಿ. ನೀಲಿ ವಸ್ತು ಜೇಬಿನಲ್ಲಿ, ಅದರ ಅಜ್ಜ ಬಾಯಲ್ಲಿ.

“ಹೆಸರೇನು ತಗಿಯಂಗಿಲ್ಲ,” ಎಂದರು ಅಕ್ಕೋರು. “ಸಾಲಿ ಬಿಡಿಸಿದ್ರ ಅವು ಮಾರೋರ ಕಡೇನ ಹೋಗಿ ನಿಂದರ್ತಾವು. ಹೊಡಿಬ್ಯಾಡ್ರಿ. ಎಲ್ಲಿ ಸಿಕ್ತು, ಯಾಕ ಬೇಕನಿಸ್ತು ಅಂತ ಕೂಡಿಸಿಕೊಂಡು ಕೇಳ್ರಿ. ಬಿಡಾಕ ಆಗದಿದ್ರ ದವಾಖಾನಿಗೆ ನಾನೂ ಬರ್ತೀನಿ.”

ದೇವಮ್ಮ ಮೊಣಕೈಯಿಂದ ತಿವಿದಳು. “ಹೊರಗ ಹೋಗಿ ಉಗುಳಿ ಬರ್ರಿ. ಆಮ್ಯಾಲ ಮಗನ ಸುದ್ದಿ ಹೇಳ್ರಿ.”

ನಳದ ಬಳಿ ಬಾಯಿ ಮುಕ್ಕಳಿಸಿ ತಿರುಗಿದರೆ, ಹಿಂದೆ ಇನ್ನಷ್ಟು ಅಪ್ಪಂದಿರು ಸಾಲು ಹಚ್ಚಿದ್ದರು. ಸಭೆ ನಿಜಕ್ಕೂ ಶುರುವಾದದ್ದು ಅಲ್ಲಿ. ಒಳಗೆ ಬಂದು ಆ ವಸ್ತುವನ್ನು ಮೇಜಿನ ಮೇಲಿಟ್ಟು, “ಇದು ನಮ್ಮ ಮನಿದ್ರಿ,” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು: “ನಮ್ಮದು ಕೆಂಪಂದು ಐತ್ರಿ.”

ಈಗ ಮಂಜ ಸಂಜೆ ಭಟ್ಟಿಯಲ್ಲೇ ಕೂತು ಓದುತ್ತಾನೆ. ಬಿಡುತ್ತೇವೆಂದು ಇಬ್ಬರೂ ಮಾತು ಕೊಟ್ಟಿದ್ದೇವೆ. ಚಟ ಎದ್ದರೆ ಬಿಸಿ ಚುರುಮುರಿ ಮುಕ್ಕಬೇಕು. ನಾನು ಅವನ ಅಂಗಿ ಮೂಸುತ್ತೇನೆ, ಅವನು ನನ್ನ ಬಾಯಿ ತೆಗೆಸಿ ನೋಡುತ್ತಾನೆ. ಮೊನ್ನೆ ಬಂದವನೇ, “ಅಪ್ಪಾ, ಇವತ್ತ ಗೆಳ್ಯಾನ ಕಡಿಂದ ಇಸ್ಕೊಂಡು ಒಂದ್ಸಲ ಎಳದೆ,” ಎಂದ. ಕೇಳದೆಯೇ ಹೇಳಿದನಲ್ಲ ಎಂಬುದು ಹೊಳೆಯುವ ಮೊದಲೇ ಬೈಯಲು ಬಾಯಿ ತೆರೆದೆ. ಅವನು ಬಗ್ಗಿ ಒಳಗೆ ಇಣುಕಿದ. ನಾನು ಮೆಲ್ಲನೆ ಬಾಯಿ ಮುಚ್ಚಿಕೊಂಡೆ; ದವಡೆಯಲ್ಲಿ ಒಂದು ಚಿಟಿಕೆ ತಂಬಾಕಿತ್ತು.

ದೇವಮ್ಮ ಇಬ್ಬರ ಮುಂದೆಯೂ ಚುರುಮುರಿ ಸುರಿದಳು. “ತಿನ್ರಿ. ನಾಳಿ ಅವಂಗ ಸಾಲಿ ಐತಿ.”

ನನ್ನ ಶಾಲೆಯೂ ಇನ್ನೂ ಮುಗಿದಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಬಾಯಿ ತೆರೆಯುವಂತಿರಲಿಲ್ಲ.