ಹುಳ ಅಂದಾಗ ನಕ್ಕೆ

ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದ ವರ್ಷ. ಸಂಕ್ರಾಂತಿ ಮುಗಿದು ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಬಲರಟ್ಟೆಯಲ್ಲಿ ಗಜ್ಜುಗದಷ್ಟು ದೊಡ್ಡ ಗಂಟೊಂದು ಕೈಗೆ ತಾಗಿತು. ನೋವಿರಲಿಲ್ಲ. ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ಯಾರೋ ಹೇಳಿದ್ದು ನೆನಪಾಗಿ ಮತ್ತೆ ಮತ್ತೆ ಒತ್ತಿ ನೋಡಿದೆ.

ಬನಹಟ್ಟಿಯಲ್ಲಿ ನಮ್ಮದು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವ ಮನೆ. ದಿನವೂ ರಾಶಿ ರೊಟ್ಟಿ ಬಡಿಯುವ ಕೈ ಅದು. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದು ಉದ್ದ ತೋಳಿನ ಕುಪ್ಪಸ ತೊಟ್ಟು ಸುಮ್ಮನಾದೆ. ಪರೀಕ್ಷೆ ಬರೀ ನೆಪ. ಡಾಕ್ಟರ ಬಾಯಿಂದ ಕ್ಯಾನ್ಸರ್ ಎಂಬ ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಮಗಳ ಮದುವೆ ನೋಡುತ್ತೇನೋ ಇಲ್ಲವೋ ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಹೊಗೆಗೆ ಕಣ್ಣೀರು ಬಂದಿದೆ ಎಂದು ಎಲ್ಲರೂ ತಿಳಿದುಕೊಂಡರು.

ಒಂದು ತಿಂಗಳಾದ ಮೇಲೆ, ಗಂಟು ಅಲುಗದಿರಲೆಂದು ಎಡಗೈಯಲ್ಲಿ ರೊಟ್ಟಿ ಬಡಿಯುವಾಗ ಸಿಕ್ಕಿಬಿದ್ದೆ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಭಾರಿ ಚುರುಕು. ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದವರು ಎದ್ದು ಒಳಗೆ ಬಂದರು.

"ಸುವರ್ಣಾ, ಎಡಗೈಲೆ ಯಾಕ ಬಡ್ಯಾಕತ್ತಿ?"

"ಇಲ್ರಿ ಅತ್ತಿ, ಬಲಗೈಲೇ ಬಡ್ಯಾಕತ್ತೇನಿ."

"ಇಪ್ಪತ್ತ ವರ್ಷ ನಿನ್ನ ರೊಟ್ಟಿ ಸಪ್ಪಳ ಕೇಳೇನಿ, ನನಗ ಹೇಳ್ತಿ? ತೋಳ ಏರ್ಸು."

ಏರಿಸಿದೆ. ಗಂಟು ಮುಟ್ಟಿ ನೋಡಿದ ಅತ್ತೆ ಬೈಯಲೂ ಇಲ್ಲ, ಅಳಲೂ ಇಲ್ಲ. ಮರುದಿನ ಮೊದಲ ಬಸ್ಸಿಗೆ ನನ್ನನ್ನು ಕರೆದುಕೊಂಡು ಜಮಖಂಡಿಗೆ ಹೊರಟರು. ನನ್ನ ಗಂಡನೂ ಬರುತ್ತೇನೆಂದರೆ, "ನೀ ಬ್ಯಾಡ. ನಿನ್ನ ಸಮಾಧಾನ ಮಾಡೂದ ಒಂದು ಕೆಲಸ ಆಗತೈತಿ" ಎಂದುಬಿಟ್ಟರು.

ದವಾಖಾನೆಯಲ್ಲಿ ಸ್ಕ್ಯಾನಿಂಗ್ ಮಾಡಿ, ವರದಿಗೆ ಮಧ್ಯಾಹ್ನ ಬನ್ನಿ ಎಂದರು. ಅಷ್ಟು ಹೊತ್ತೂ ಅತ್ತೆ ನನ್ನ ಕೈ ಬಿಡಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ವರದಿ ನೋಡಿ, "ಅಕ್ಕಾರ, ಇದು ಕ್ಯಾನ್ಸರ್ ಅಲ್ರಿ. ಲಾಡಿಹುಳದ ಮರಿ. ರಟ್ಟಿ ಸ್ನಾಯುವಿನ್ಯಾಗ ಸಣ್ಣ ಚೀಲ ಮಾಡ್ಕೊಂಡು ಕುಂತೈತಿ. ಈ ಬಿಳಿ ಚುಕ್ಕಿ ನೋಡ್ರಿ, ಅದು ಅದರ ತಲಿ" ಎಂದರು.

"ಹುಳಾನ್ರಿ? ಬರೇ ಹುಳ?"

ಎಲ್ಲಿತ್ತೋ ಆ ನಗು, ಬಂದುಬಿಟ್ಟಿತು. ನಗುತ್ತ ನಗುತ್ತಲೇ ಅಳು ಬಂತು. ಡಾಕ್ಟರು ಗಾಬರಿಯಾಗಿ ನೀರು ಕೊಟ್ಟರು. ಆದರೆ ಅತ್ತೆಯ ಮುಖ ಬಿಗಿದಿತ್ತು.

"ಅದು ಹಂದಿ ತಿನ್ನವರಿಗೆ ಬರೂದಲ್ರಿ? ನಮ್ಮ ಮನ್ಯಾಗ ತತ್ತೀನೂ ತರಂಗಿಲ್ಲ. ನಿಮ್ಮ ಮಶೀನ ಕೆಟ್ಟೈತಿ."

"ಅಮ್ಮಾ, ಊಟಕ್ಕ ಹಸಿ ತಪ್ಪಲ ತಿಂತೀರೇನ್ರಿ?"

ಅತ್ತೆಗೆ ಹುರುಪು ಬಂತು. "ತಿನ್ನದ ಏನ್ರಿ? ಮೆಂತೆ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲ. ಅವಿಲ್ದ ರೊಟ್ಟಿ ಹೆಂಗ ಇಳೀತೈತಿ? ನಾನ ಹೊಲದಿಂದ ಕಿತ್ತ ತಂದು ಎಲ್ಲಾರ ಗಂಗಾಳಕ್ಕ ಹಾಕ್ತೇನಿ."

"ತೊಳೀತೀರಿ?"

"ತೊಳದ್ರ ರುಚಿ ಹೋಗತೈತ್ರಿ. ಸೆರಗಿಲೆ ಒರಸ್ತೇನಿ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹೊಟ್ಟೆಯಲ್ಲಿ ಲಾಡಿಹುಳ ಇದ್ದವರು ಬಯಲಿಗೆ ಹೋದರೆ ಅದರ ತತ್ತಿಗಳು ಮಣ್ಣು, ನೀರು ಸೇರಿ ಸೊಪ್ಪಿಗೆ ಅಂಟುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಸೆರಗಿಗೆ ಹೋಗುವುದಿಲ್ಲ ಎಂದು ನಿಧಾನವಾಗಿ ತಿಳಿಸಿದರು. ಮಾಂಸ ಮುಟ್ಟದವರಿಗೂ ಇದು ಹೀಗೆ ಬರುತ್ತದಂತೆ. ಅತ್ತೆ ತಮ್ಮ ಸೆರಗನ್ನೇ ನೋಡುತ್ತ ಕೂತರು.

"ಹಂಗಾರ ನಾನ ತಿನ್ಸಿದ್ನೇನವಾ ನಿನಗ?"

"ಅತ್ತಿ, ಒಂದು ತಿಂಗಳಿಂದ ನಾ ಸಾಯ್ತೇನಿ ಅನ್ಕೊಂಡಿದ್ದೆ. ಹುಳ ಅಂದ್ರಲ್ಲ, ನನಗ ಹೋಳಿಗಿ ತಿನ್ಸಿದಂಗ ಆತು."

ಆಗ ಡಾಕ್ಟರೂ ನಕ್ಕರು. ಗುಳಿಗೆ ಕೊಡುವ ಮೊದಲು ತಲೆ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿದರು. ದೇವರ ದಯೆ, ಎರಡರಲ್ಲೂ ಹುಳ ಇರಲಿಲ್ಲ. ಮನೆಮಂದಿಯ ಮಲಪರೀಕ್ಷೆಯೂ ಆಗಬೇಕೆಂದರು. ಆ ಡಬ್ಬಿಗಳ ಚೀಲ ಹಿಡಿದು ಬಸ್ಸಿನಲ್ಲಿ ಹೋದ ನನ್ನ ಗಂಡನಿಗೆ ಪಕ್ಕದವರು, "ಏನ್ರಿ, ಜಮಖಂಡ್ಯಾಗ ಬೀಗರಿಗೆ ಉಂಡಿ ಒಯ್ಯಾಕತ್ತೀರೇನು?" ಎಂದು ಕೇಳಿದರಂತೆ. ಅದನ್ನು ಹೇಳಿ ಅವರೇ ಬಿದ್ದು ಬಿದ್ದು ನಕ್ಕರು. ನಮ್ಮ ಪುಣ್ಯ, ಯಾರಲ್ಲೂ ಏನೂ ಸಿಗಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಗಂಟು ಕರಗಿತು. ಆದರೆ ಅತ್ತೆ ಹಸಿ ತಪ್ಪಲ ಮುಟ್ಟುವುದನ್ನೇ ಬಿಟ್ಟಿದ್ದರು. ಕೇಳಿದರೆ, "ಬಾಯಿ ರುಚಿ ಇಲ್ಲವಾ" ಎನ್ನುತ್ತಿದ್ದರು. ರುಚಿ ಇಲ್ಲದ್ದಲ್ಲ ಅದು, ನನಗೆ ಗೊತ್ತಿತ್ತು.

ದೀಪಾವಳಿಯ ಹೊತ್ತಿಗೆ ಎಳೆ ಮೆಂತೆ ಬಂತು. ಎಲೆ ಎಲೆ ಬಿಡಿಸಿ ನಳದ ನೀರಿನಲ್ಲಿ ಮೂರು ಸಲ ತೊಳೆದು ಅತ್ತೆಯ ಗಂಗಾಳಕ್ಕೆ ಹಾಕಿದೆ. ಅವರು ರೊಟ್ಟಿ ಮುರಿದು ಕೈ ತಡೆದರು. ಅದರಲ್ಲೇ ಒಂದು ಹಿಡಿ ಎತ್ತಿ ನಾನು ಬಾಯಿಗೆ ಹಾಕಿಕೊಂಡೆ. "ತಿನ್ರಿ ಅತ್ತಿ, ರುಚಿ ಎಲ್ಲೂ ಹೋಗಿಲ್ಲ" ಎಂದೆ. ಅತ್ತೆ ತಿಂದರು. ಕಣ್ಣು ಒರೆಸಿಕೊಂಡು, "ಇನ್ನೊಂಚೂರು ಹಾಕು" ಎಂದರು.

ಮುಚ್ಚಿಟ್ಟುಕೊಂಡು ಒಬ್ಬಳೇ ಅತ್ತ ಆ ತಿಂಗಳು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಮೊದಲ ದಿನವೇ ಅತ್ತೆಗೆ ತೋರಿಸಿದ್ದರೆ ಒಂದು ತಿಂಗಳು ಮೊದಲೇ ನಗುತ್ತಿದ್ದೆ.